ಡಿಫಾರ್ಮ್ಡ್ ಕಂಬಿ ಕೆಟ್ಟ ಕಂಬಿಯಲ್ಲ

ಡಿಫಾರ್ಮೇಶನ್ ಅಂದ್ರೆ ಹಾಳಾಗೋದಾ, ಮನೆ ಕಟ್ಟೋಕೆ ತಂದ ಕಂಬಿಯ ಬಿಲ್ಲಲ್ಲಿ ‘ಡಿಫಾರ್ಮ್ಡ್ ಬಾರ್’ ಅಂತ ಬರೆದಿದ್ರೆ ಕೆಟ್ಟ ಕಂಬಿನಾ ಅಂತ ಕೇಳಿದ್ದೀರಿ. ಎರಡೂ ಅಲ್ಲ ಸರ್. ಬಲ ಬಿದ್ದಾಗ ವಸ್ತುವಿನ ಆಕಾರವೋ ಅಳತೆಯೋ ಬದಲಾಗೋದೇ ಡಿಫಾರ್ಮೇಶನ್. ಕನ್ನಡದಲ್ಲಿ ವಿರೂಪಣೆ ಅಂತಾರೆ; ಆ ಪದ ಕೇಳಿದ ತಕ್ಷಣ ಕುರೂಪ ನೆನಪಾಗೋದ್ರಿಂದಲೇ ಗೊಂದಲ. ನನಗಂತೂ ‘ಆಕಾರ ಬದಲಾವಣೆ’ ಅನ್ನೋದೇ ಸರಿ ಅನ್ಸುತ್ತೆ.

1 ಮೀಟರ್ ಉಕ್ಕಿನ ಕಂಬಿ ಎಳೆತಕ್ಕೆ 1 ಮಿ.ಮೀ. ಹಿಗ್ಗಿದ್ರೂ, ಬಿಟ್ಟರೆ ಮೊದಲಿನ ಉದ್ದಕ್ಕೇ ಬರುತ್ತೆ. ಬಾರ್ ಬೆಂಡರ್ (ಕಂಬಿ ಬಗ್ಗಿಸೋ ಕೆಲಸಗಾರ) ಬಗ್ಗಿಸಿದ ಕಂಬಿ ರಿಂಗು ಮಾತ್ರ ಹಾಗೇ ಉಳಿಯುತ್ತೆ, ಅದು ಶಾಶ್ವತ.

ಇನ್ನು ಡಿಫಾರ್ಮ್ಡ್ ಬಾರ್ ಅಂದ್ರೆ ಮೈಮೇಲೆ ಏಣು ಇರೋ ಕಂಬಿ. ಬೆರಳಾಡಿಸಿ ನೋಡಿ, ತರಿತರಿಯಾಗಿ ಸಿಗುತ್ತೆ. ಕಾಂಕ್ರೀಟು ಗಟ್ಟಿಯಾಗಿ ಹಿಡೀಲಿ, ಜಾರದಿರಲಿ ಅಂತ ಬೇಕಂತಲೇ ಮಾಡಿರೋದು. ಧೈರ್ಯವಾಗಿ ಹಾಕಿಸಿ.