99ನೇ ಕೀರ್ತನೆಯ ಪಾದಪೀಠ ಯಾವುದು?

ನಮಸ್ಕಾರ. ಬೈಬಲಿನ 99ನೇ ಕೀರ್ತನೆಯಲ್ಲಿ 'ಆತನ (ಅಂದರೆ ದೇವರ) ಪಾದಪೀಠದ ಮುಂದೆ ಅಡ್ಡಬೀಳಿರಿ' ಅಂದರೆ ಯಾವುದರ ಮುಂದೆ ಅಂತ ಕೇಳಿದ್ದೀರಿ. ಅದು ಒಡಂಬಡಿಕೆಯ ಮಂಜೂಷ, ಅಂದರೆ ದೇವರು ಇಸ್ರಾಯೇಲ್ಯರೊಂದಿಗೆ ಮಾಡಿಕೊಂಡ ಒಪ್ಪಂದದ ಪವಿತ್ರ ಪೆಟ್ಟಿಗೆ, ಅಂತ ನನಗನಿಸುತ್ತದೆ. ಒಂದನೇ ಪೂರ್ವಕಾಲವೃತ್ತಾಂತ 28:2ರಲ್ಲಿ ದಾವೀದ ಮಂಜೂಷವನ್ನೂ ಪಾದಪೀಠವನ್ನೂ ಒಟ್ಟಿಗೇ ಹೇಳುತ್ತಾನೆ, ನೋಡಿ. ಅದರ ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು (ದೇವದೂತರ ಆಕೃತಿಗಳು), ಒಳಗೆ ಮೋಶೆ ಇಟ್ಟ, ಆ ಒಪ್ಪಂದದ ಆಜ್ಞೆಗಳಿದ್ದ ಕಲ್ಲಿನ ಹಲಗೆಗಳು. ಅಂದರೆ ರಾಜನಾದ ದೇವರ ಕಾಲಡಿಯಲ್ಲಿ ಇರುವುದು ಅವನೇ ಮಾಡಿಕೊಂಡ ಒಪ್ಪಂದ!

ಇನ್ನು 'ಪರಿಶುದ್ಧನು' ಅನ್ನೋದು 3, 5, 9ನೇ ವಚನಗಳಲ್ಲಿ ಬರುತ್ತದೆ. ಹೀಬ್ರೂವಿನಲ್ಲಿ 'ಕಾದೋಶ್', ಅಂದರೆ ಎಲ್ಲದರಿಂದ ಬೇರೆಯಾಗಿ ನಿಂತವನು. ಆದರೂ ಮೋಶೆ, ಆರೋನ, ಸಮುವೇಲ ಕೂಗಿದಾಗ ಆತ ಓಗೊಡುತ್ತಾನೆ. 8ನೇ ವಚನವನ್ನು ದಯವಿಟ್ಟು ನಿಧಾನವಾಗಿ ಓದಿ. ಕ್ಷಮಿಸುವವನೂ ಅವನೇ, ತಪ್ಪಿಗೆ ದಂಡಿಸುವವನೂ ಅವನೇ. ನನಗೆ ಜಾಸ್ತಿ ಇಷ್ಟವಾದ ಸಾಲು ಅದೇ.