ಗಂಡನ ಸಹಿ ಬೇಕೇ ಬೇಕಾ?

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಕಾಪರ್-ಟಿ ಹಾಕಿಸಿದ್ದರೂ ಮತ್ತೆ ಬಸುರಿಯಾಗಿದ್ದೇನೆ, ಈಗ ಹತ್ತು ವಾರ. ನನಗೆ ಇದು ಬೇಡ. ಗಂಡನ ಸಹಿ ಇಲ್ಲದೆ ತೆಗೆಯಲ್ಲ ಅಂತಾರೆ ಆಸ್ಪತ್ರೆಯವರು, ನನ್ನ ಗಂಡ ಸಹಿ ಹಾಕಲ್ಲ. ‘ಹೊಟ್ಟೆಯಲ್ಲಿರೋ ಕೂಸಿಗೂ ಆಸ್ತಿಯಲ್ಲಿ ಪಾಲಿದೆ, ತೆಗೆಸಿದರೆ ಜೈಲು’ ಅಂತ ಮಾವ ಹೆದರಿಸುತ್ತಾರೆ. ನಿಜವಾ?
- ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಗಂಡನ ಸಹಿ ಬೇಡ. 1971ರ ಗರ್ಭಪಾತ ಕಾಯ್ದೆ ಕೇಳುವುದು ನಿಮ್ಮ ಒಪ್ಪಿಗೆ ಮಾತ್ರ. ಅದಕ್ಕೆಂದೇ ‘ಫಾರಂ ಸಿ’ ಅಂತ ಒಂದು ಹಾಳೆ ಇದೆ, ಹದಿನೆಂಟು ತುಂಬಿದ ಹೆಂಗಸಾದರೆ ಅದರಲ್ಲಿ ಅವಳೇ ಸಹಿ ಹಾಕಬೇಕು, ಗಂಡನಿಗೆ ಅಲ್ಲಿ ಜಾಗವೇ ಇಲ್ಲ. ಗರ್ಭನಿರೋಧಕ ಕೈಕೊಟ್ಟಿದ್ದೂ 20 ವಾರದವರೆಗೆ ಕಾನೂನು ಒಪ್ಪುವ ಕಾರಣ. ನೋಂದಾಯಿತ ವೈದ್ಯರು, ಮಾನ್ಯತೆ ಇರುವ ಆಸ್ಪತ್ರೆ, ಇಷ್ಟಿದ್ದರೆ ಜೈಲಿನ ಮಾತೇ ಬರಲ್ಲ.

ಆಸ್ತಿಯ ಮಾತು ಅರ್ಧ ನಿಜ. ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಂ ಹೊಟ್ಟೆಯಲ್ಲಿರುವ ಮಗುವಿಗೂ ಪಾಲು ಕೊಡುತ್ತದೆ, ಆದರೆ ಅದು ಜೀವಂತ ಹುಟ್ಟಿದರೆ ಮಾತ್ರ. ಆ ಕಲಂ ಇರುವುದು ಆಸ್ತಿ ಹಂಚುವುದಕ್ಕೆ, ತಾಯಿಯ ಕೈ ಕಟ್ಟುವುದಕ್ಕಲ್ಲ.

ಹಾಗಂತ ಭ್ರೂಣಕ್ಕೆ ಬೆಲೆಯೇ ಇಲ್ಲ ಅಂತಲ್ಲ. ವಾರ ಏರಿದ ಹಾಗೆ ಕಾನೂನು ಬಿಗಿಯಾಗುತ್ತದೆ. 20 ದಾಟಿದರೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ಕೆಲವರಿಗಷ್ಟೇ. 24 ದಾಟಿದರೆ ಭ್ರೂಣಕ್ಕೆ ಗಂಭೀರ ದೋಷವಿದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು, ಇಲ್ಲವೇ ತಾಯಿಯ ಜೀವಕ್ಕೇ ಅಪಾಯವಿರಬೇಕು. 2023ರ ಅಕ್ಟೋಬರ್‌ನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರು 26 ವಾರ ದಾಟಿದ ಮೇಲೆ ಕೇಳಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಷ್ಟು ತೂಗಿ ನೋಡುವುದು ಸರಿಯೇ ಅನ್ನಿಸುತ್ತದೆ ನನಗೆ. ಆದರೆ ಹತ್ತು ವಾರಕ್ಕೂ ವೈದ್ಯರ ಅಭಿಪ್ರಾಯವೇ ಕೊನೆಯದು ಅಂತ ನಮ್ಮ ಕಾಯ್ದೆ ಇಟ್ಟಿರುವುದು ಸರಿಯಲ್ಲ, ಅಲ್ಲಿ ಹೆಂಗಸಿನ ಮಾತೇ ಸಾಕಾಗಬೇಕು.

ತಾಯಿಗೂ ಭ್ರೂಣಕ್ಕೂ ಸಮ ಹಕ್ಕು ಅಂತ ಬರೆದರೆ ಏನಾಗುತ್ತದೆ ಅಂತ ನಮ್ಮ ಬೆಳಗಾವಿಯವರಿಗೆ ಗೊತ್ತು. 1983ರಲ್ಲಿ ಐರ್ಲೆಂಡ್ ಸಂವಿಧಾನಕ್ಕೇ ಹಾಗೆ ಬರೆದುಕೊಂಡಿತ್ತು. ಅಲ್ಲಿದ್ದ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್‌ಗೆ 17ನೇ ವಾರದಲ್ಲಿ ಗರ್ಭ ಜಾರತೊಡಗಿತ್ತು, ಮಗು ಉಳಿಯಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ತೆಗೆಯಿರಿ ಅಂತ ಅವರೇ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ ಅಂತ ಕಾಯಿಸಿದರು. ನಂಜು ಏರಿ 2012ರ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. 2018ರಲ್ಲಿ ಆ ದೇಶದ ಜನ ಶೇ. 66.4 ಮತ ಹಾಕಿ ಆ ಸಾಲನ್ನು ಕಿತ್ತುಹಾಕಿದರು.

ನೀವು ತಡ ಮಾಡಬೇಡಿ. ಮೆಡಿಕಲ್ ಶಾಪ್ ಮಾತ್ರೆ ಸುಮ್ನೆ ನುಂಗಬೇಡಿ. ಕಾಪರ್-ಟಿ ಇರುವಾಗ ಗರ್ಭ ನಿಂತರೆ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರುವ ಸಾಧ್ಯತೆ ಜಾಸ್ತಿ, ಮೊದಲು ಸ್ಕ್ಯಾನ್ ಆಗಲಿ. ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಫಾರಂ ಸಿ’ ಕೊಡಿ ಅಂತ ಹೆಸರು ಹಿಡಿದು ಕೇಳಿ. ನಿಮ್ಮ ವಿಷಯ ಹೊರಗೆ ಬಿಟ್ಟುಕೊಟ್ಟರೆ ವೈದ್ಯರಿಗೇ ಒಂದು ವರ್ಷದವರೆಗೆ ಜೈಲಾಗಬಹುದು, ಅದನ್ನೂ ತಿಳಿದಿರಿ.