ತುಟಿ ಮೇಲಿನ ಜ್ವರದ ಗುಳ್ಳೆ: ಜುಮ್ ಅಂದ ಮೊದಲ ದಿನ ಬಿಟ್ರೆ ಕಷ್ಟ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ, ಬಳ್ಳಾರಿ ಕಡೆ ಶಾಲೇಲಿ ಟೀಚರ್. ವರ್ಷಕ್ಕೆ ನಾಲ್ಕೈದು ಸಲ ಕೆಳತುಟಿ ಅಂಚಲ್ಲಿ, ಅದೂ ಒಂದೇ ಜಾಗದಲ್ಲಿ, ಸಣ್ಣ ನೀರುಗುಳ್ಳೆ ಗುಂಪಾಗಿ ಏಳತ್ತೆ, ಒಡೆದು ಹೆಪ್ಪುಗಟ್ಟಿ ಹೋಗೋಕೆ ಹತ್ತು ದಿನ. ಅತ್ತೆ ಜೇಡ ಉಚ್ಚೆ ಹೊಯ್ದಿದೆ ಅಂತಾರೆ, ಅಮ್ಮ ಉಷ್ಣ ಅಂತಾಳೆ. ಮೆಡಿಕಲ್ ಶಾಪಲ್ಲಿ ಕೊಟ್ಟ ಟ್ಯೂಬ್ ಹಚ್ಚಿದ್ರೆ ಇನ್ನೂ ಜಾಸ್ತಿ ಆಯ್ತು. ನೆಟ್ಟಲ್ಲಿ ನೋಡಿದ್ರೆ ಹರ್ಪಿಸ್ ಅಂತಿದೆ, ಮನೇಲಿ ಹೇಳೋಕೆ ನಾಚಿಕೆ. ಮುಂದಿನ ವಾರ ತಂಗಿ ಮಗುವಿನ ನಾಮಕರಣ ಬೇರೆ ಇದೆ. ಏನ್ಮಾಡ್ಲಿ?

ಉತ್ತರ: ಮೊದಲು ಆ ನಾಚಿಕೆ ಬಿಡಿ ಅಮ್ಮ. ನೀವು ಹೇಳಿದ ಲಕ್ಷಣ ನೋಡಿದ್ರೆ ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್ಸೇ ಇರ್ಬೇಕು, ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ 50 ವರ್ಷದ ಒಳಗಿನವರಲ್ಲಿ ನೂರಕ್ಕೆ 64 ಜನರ ಮೈಯಲ್ಲಿ ಇದಿದೆ. ಬಹಳಷ್ಟು ಜನಕ್ಕೆ ಚಿಕ್ಕಂದಿನಲ್ಲೇ ದೊಡ್ಡವರು ಯಾರೋ ಮುದ್ದು ಮಾಡುವಾಗ ಬಂದಿರತ್ತೆ, ಕೆಲವರಿಗೆ ಜೀವಮಾನದಲ್ಲಿ ಒಂದು ಗುಳ್ಳೆನೂ ಏಳಲ್ಲ. ಇದರಿಂದ ಯಾರ ನಡತೆ ಬಗ್ಗೆನೂ ಏನೂ ಗೊತ್ತಾಗಲ್ಲ.

ಜೇಡಕ್ಕೂ ಇದಕ್ಕೂ ಸಂಬಂಧ ಇಲ್ಲ. ವೈರಸ್ಸು ಒಂದ್ಸಲ ಒಳಗೆ ಬಂದ್ರೆ ಮುಖದ ನರ ಹಿಡ್ಕೊಂಡು ಹಿಂದಕ್ಕೆ ಹೋಗಿ, ಕಿವಿ ಮುಂದುಗಡೆ ತಲೆಬುರುಡೆ ಒಳಗಿರೋ ಒಂದು ನರಗಂಟಲ್ಲಿ ನಿದ್ದೆ ಹೋಗತ್ತೆ, ಅಲ್ಲಿಂದ ಅದನ್ನ ಹೊರಗೆ ಹಾಕೋ ಔಷಧಿ ಇವತ್ತಿಗೂ ಇಲ್ಲ. ಎಚ್ಚರ ಆದಾಗ ಬಂದ ದಾರೀಲೇ ವಾಪಸ್ ತುಟಿಗೆ ಬರತ್ತೆ, ಅದಕ್ಕೇ ನಿಮಗೆ ಪ್ರತಿಸಲ ಒಂದೇ ಜಾಗದಲ್ಲಿ ಆಗೋದು.

ಎಬ್ಬಿಸೋದು ಯಾವುದು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಜ್ವರ ನೆಗಡಿ ಮುಖ್ಯ, ಜ್ವರದ ಗುಳ್ಳೆ ಅನ್ನೋ ಹೆಸರು ಬಂದಿದ್ದೇ ಹಾಗೆ. ಆಮೇಲೆ ಬಿಸಿಲು, ನಿದ್ದೆಗೆಟ್ಟು ದುಡಿಯೋದು, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು, ಒಣಗಾಳಿಗೆ ತುಟಿ ಒಡೆಯೋದು, ಹಲ್ಲು ಕೀಳಿಸಿದಾಗ ತುಟಿ ಎಳೆದು ಗಾಯ ಆಗೋದು. ಬಳ್ಳಾರಿ ಬಿಸಿಲಲ್ಲಿ ಶಾಲೆ ಮೈದಾನದಲ್ಲಿ ನಿಲ್ಲೋರು ನೀವು, ನಾನಾದ್ರೆ ಮೊದಲು ಬಿಸಿಲನ್ನೇ ಅನುಮಾನಿಸ್ತೀನಿ. ಅಮ್ಮ ಹೇಳೋ ಉಷ್ಣ ಅರ್ಧ ಸರಿ ನೋಡಿ, ಬಿಸಿಲು ಜ್ವರ ಎರಡೂ ಅದರಲ್ಲಿ ಬಂತು, ಆದ್ರೆ ಮಾವಿನಹಣ್ಣು ಕೋಳಿ ಬಿಡ್ಬೇಕಾಗಿಲ್ಲ. ಒಂದು ಕೆಲಸ ಮಾಡಿ, ಗುಳ್ಳೆ ಎದ್ದ ತಾರೀಖು ಬರೆದಿಟ್ಟು ಹಿಂದಿನ ಮೂರ್ನಾಲ್ಕು ದಿನ ಏನೇನಾಗಿತ್ತು ಅಂತ ಪಕ್ಕದಲ್ಲಿ ಗುರುತು ಹಾಕಿ, ನಾಲ್ಕೈದು ಸಲಕ್ಕೆ ಕಳ್ಳ ಯಾರು ಅಂತ ಗೊತ್ತಾಗತ್ತೆ. ಬಿಸಿಲೇ ಆಗಿದ್ರೆ ಎಸ್‌ಪಿಎಫ್ 30 ಇರೋ ಲಿಪ್ ಬಾಮು ಎರಡು ಗಂಟೆಗೊಂದ್ಸಲ ಹಚ್ಚಿ, ಸೆರಗೋ ಟೋಪಿಯೋ ಇರ್ಲಿ. ಬರೀ ವ್ಯಾಸಲೀನ್ ಬಿಸಿಲನ್ನ ತಡೆಯಲ್ಲ.

ಈಗ ನಾನು ಒತ್ತಿ ಹೇಳ್ಬೇಕಾದ ವಿಷಯ. ಗುಳ್ಳೆ ಕಾಣೋಕೆ ಮುಂಚೆ ಕೆಲವು ಗಂಟೆ, ಒಂದೊಂದ್ಸಲ ಒಂದು ದಿನ ಮೊದಲೇ ಆ ಜಾಗ ಜುಮ್ ಅನ್ನತ್ತೆ, ಕೆರೆತ, ಉರಿ, ಬಿಗಿ ಅನ್ನಿಸತ್ತೆ. ಔಷಧಿ ಶುರು ಮಾಡೋ ಸಮಯ ಅದು. ಅಸೈಕ್ಲೊವಿರ್ ಅಂತ ಈ ವೈರಸ್ಸಿನ ಔಷಧಿ ಇದ್ಯಲ್ಲ, ಅದು ವೈರಸ್ಸು ಮರಿ ಹಾಕುವಾಗ ಮಾತ್ರ ಅದನ್ನ ತಡೆಯತ್ತೆ, ಮಲಗಿರೋ ವೈರಸ್ಸಿಗೆ ಏನೂ ಮಾಡಲ್ಲ, ಹೆಪ್ಪುಗಟ್ಟಿದ ಗಾಯಕ್ಕೂ ಏನೂ ಮಾಡಲ್ಲ. ತುಂಬಾ ಜನ ಮೂರನೇ ದಿನ ಗುಳ್ಳೆ ಒಡೆದ ಮೇಲೆ ಬರ್ತಾರೆ, ಆಗ ಏನ್ ಕೊಟ್ರೂ ಅಷ್ಟಕ್ಕಷ್ಟೇ ಅಂತ ಹೇಳೋಕೆ ನಮಗೂ ಬೇಜಾರು. ಅಸೈಕ್ಲೊವಿರ್ 5% ಕ್ರೀಮು ದಿನಕ್ಕೆ ಐದು ಸಲ ನಾಲ್ಕು ದಿನ ಹಚ್ಚಿದ್ರೆ ಸ್ವಲ್ಪ ಬೇಗ ವಾಸಿ ಆಗತ್ತೆ, ಸ್ವಲ್ಪ ಅಷ್ಟೇ. ವಾಲಾಸೈಕ್ಲೊವಿರ್ ಮಾತ್ರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ, 2 ಗ್ರಾಮ್ ತಗೊಂಡು 12 ಗಂಟೆ ಬಿಟ್ಟು ಇನ್ನೊಮ್ಮೆ 2 ಗ್ರಾಮ್, ಒಂದೇ ದಿನದ ಕೋರ್ಸು. ಕಿಡ್ನಿ ತೊಂದರೆ ಇದ್ರೆ, ಗರ್ಭಿಣಿ ಆಗಿದ್ರೆ ಲೆಕ್ಕ ಬೇರೆ, ಅದಕ್ಕೇ ಒಂದ್ಸಲ ಡಾಕ್ಟ್ರಿಗೆ ತೋರಿಸಿ ಚೀಟಿ ಬರೆಸ್ಕೊಂಡು ಮಾತ್ರೆ ಮೊದಲೇ ತಂದು ಪರ್ಸಲ್ಲಿ ಇಟ್ಕೊಂಡಿರಿ. ವರ್ಷಕ್ಕೆ ಆರು ಸಲ ದಾಟಿದ್ರೆ ದಿನಾ ಸಣ್ಣ ಡೋಸ್ ಕೊಟ್ಟು ಬರದ ಹಾಗೆ ತಡೆಯೋ ದಾರಿನೂ ಇದೆ.

ನಿಮ್ಮ ಮೆಡಿಕಲ್ ಶಾಪಿನ ಟ್ಯೂಬಲ್ಲಿ ಸ್ಟೀರಾಯ್ಡ್ ಇದ್ದಿರ್ಬಹುದು. ಅದು ಚರ್ಮದ ಕಾವಲನ್ನ ಕುಗ್ಗಿಸತ್ತೆ, ವೈರಸ್ಸಿಗೆ ಹಬ್ಬ. ಬಿಸಾಕಿ ಅದನ್ನ. ಸುಣ್ಣ, ಟೂತ್‌ಪೇಸ್ಟ್ ಕೂಡ ಬೇಡ, ಚರ್ಮ ಸುಡತ್ತೆ ಅಷ್ಟೇ. ಬಾಯಿ ಒಳಗಿನ ಬಿಳಿ ಹುಣ್ಣು, ತುಟಿ ಮೂಲೆ ಒಡೆಯೋದು ಬೇರೆ ಕಾಯಿಲೆ, ಅದಕ್ಕೆ ಈ ಮಾತ್ರೆ ನುಂಗ್ಬೇಡಿ.

ನಾಮಕರಣದ ವಿಷಯ. ಗುಳ್ಳೆ ಇದ್ರೆ, ಜುಮ್ ಅಂತಿದ್ರೂ ಸಾಕು, ಮಗುಗೆ ಮುತ್ತು ಕೊಡ್ಲೇಬೇಡಿ. ಹಸುಗೂಸಿಗೆ, ಅದರಲ್ಲೂ ಮೊದಲ ನಾಲ್ಕಾರು ವಾರದಲ್ಲಿ, ಈ ವೈರಸ್ಸು ಮಿದುಳಿಗೆ, ಲಿವರಿಗೆ ಹಬ್ಬಿ ಜೀವಕ್ಕೇ ಕುತ್ತು ತರಬಹುದು. ತುಟಿ ಮುಟ್ಟಿದ ಕೈ ಸೋಪಲ್ಲಿ ತೊಳೀದೆ ಮಗು ಎತ್ಕೋಬೇಡಿ, ಬಂದ ನೆಂಟರಿಗೂ ಇದೇ ಮಾತು ನಿಮ್ಮ ತಂಗಿ ಧೈರ್ಯವಾಗಿ ಹೇಳ್ಲಿ, ಯಾರಾದ್ರೂ ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಳಿ. ಹೆಪ್ಪು ಪೂರ್ತಿ ಉದುರೋ ತನಕ ಲೋಟ, ಟವೆಲ್, ಲಿಪ್‌ಸ್ಟಿಕ್ ಬೇರೆ ಇಡಿ. ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ ನೋವು ಬಂದ್ರೆ, ಬೆಳಕು ನೋಡೋಕಾಗದೆ ಇದ್ರೆ, ಅದೇ ದಿನ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಎರಡು ವಾರ ಆದ್ರೂ ಹುಣ್ಣು ಮಾಯದೆ ಇದ್ರೆ ಚರ್ಮದ ಡಾಕ್ಟ್ರಿಗೆ ತೋರಿಸಿ.